ಕರಡಿಯ ಪಕ್ಕದ ಕುರ್ಚಿ

ದುಬೈಯ ರಾಸ್ ಅಲ್ ಖೋರ್‌ನ ನಮ್ಮ ಗ್ಯಾರೇಜಿನಲ್ಲಿ ಎಣ್ಣೆಯ ವಾಸನೆ ಹೊಸದೇನಲ್ಲ. ಎಂಜಿನ್ ಆಯಿಲ್, ಗ್ರೀಸು, ಸುಟ್ಟ ಬ್ರೇಕು, ಬಿಸಿಲಿಗೆ ಕಾದ ಟೈರು, ಇವುಗಳ ನಡುವೆ ಕೂತು ಬಿಲ್ಲು ಬರೆಯುವುದೇ ನನ್ನ ಕೆಲಸ. ಮೊನ್ನೆ ಒಬ್ಬ ಮೆಕ್ಯಾನಿಕ್ಕು ಬಿಗಿದುಕೊಂಡಿದ್ದ ಬೀಗಕ್ಕೆ ಬಿಡಲೆಂದು ಎಲ್ಲಿಂದಲೋ ಒಂದು ಪುಟ್ಟ ಸೀಸೆ ತಂದು ನನ್ನ ಮೇಜಿನ ಪಕ್ಕದಲ್ಲೇ ಮುಚ್ಚಳ ತೆಗೆದ. ತೆಳುವಾದ, ಸ್ವಲ್ಪ ಸಿಹಿಯಾದ, ಮೂಗಿನಿಂದ ನೆತ್ತಿಗೆ ಹತ್ತುವ ವಾಸನೆ. ಬಂದೂಕು ಒರೆಸುವ ಎಣ್ಣೆ. ನಾನು ಎದ್ದು ಹೊರಗೆ ಹೋಗಿ ಬಿಸಿಲಲ್ಲಿ ನಿಂತೆ. ಅಬುಧಾಬಿಯ ಆ ಚಳಿಗಾಲ ಮುಗಿದು ಕೆಲವು ವರ್ಷಗಳಾದವು. ಮೂಗಿಗೆ ಅದು ಗೊತ್ತಿಲ್ಲ.

ಆಗ ನಾನು ಅಲ್ಲಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಶೋರೂಮಿನಲ್ಲಿ ಲೆಕ್ಕ ಬರೆಯುವವಳು. ದೂರದ ಕಾಡು, ಹಿಮದ ಬೆಟ್ಟಗಳಲ್ಲಿ ನಡೆಯಲು ಹೋಗುವ ಅನುಕೂಲಸ್ಥರಿಗೆ ಅಲ್ಲಿ ಬೂಟು, ಡೇರೆಯಿಂದ ಹಿಡಿದು ಟಿಕೆಟ್ಟು, ಗೈಡಿನವರೆಗೆ ಎಲ್ಲವನ್ನೂ ಹೊಂದಿಸಿ ಕೊಡುತ್ತಿದ್ದರು. ಅಲಾಸ್ಕಾದಂಥ ಕರಡಿಗಳ ಸೀಮೆಗೆ ಹೋಗುವವರಿಗೆ ಬಂದೂಕನ್ನೂ. ಪರವಾನಗಿ ಇರುವ ಇಲ್ಲಿಯವರಿಗೆ ನೇರ ಮಾರಾಟ. ನಮ್ಮಂಥ ಹೊರಗಿನವರು ಸುಮ್ಮನೆ ಬಂದೂಕು ಕೊಂಡು ಮನೆಗೆ ಒಯ್ಯುವ ಹಾಗಿರಲಿಲ್ಲ. ಅವರು ಇಲ್ಲಿ ಕೈಯಲ್ಲಿ ಹಿಡಿದು ನೋಡಿ ಆರಿಸಬೇಕು, ಶೂಟಿಂಗ್ ರೇಂಜಿನಲ್ಲಿ ಅಭ್ಯಾಸ ಮಾಡಬೇಕು, ಅಲ್ಲಿ ಇಳಿದ ಮೇಲೆ ಅಂಥದ್ದೇ ಬಂದೂಕು ಅವರಿಗಾಗಿ ಕಾದಿರುತ್ತಿತ್ತು. ಪ್ರತಿದಿನ ಬೆಳಿಗ್ಗೆ ಗಾಜಿನ ಕಪಾಟು ತೆಗೆದು ಅವುಗಳನ್ನೆಲ್ಲ ಆ ಎಣ್ಣೆಯಿಂದ ಒರೆಸಿಡುವುದು ರೂಢಿ.

ನನ್ನ ಮುಖದ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನಗೆ ಎಡಗಣ್ಣಿಲ್ಲ. ಎಡಗೆನ್ನೆ ಕಿವಿಯಿಂದ ತುಟಿಯ ತುದಿಯವರೆಗೆ ಉತ್ತುಬಿಟ್ಟ ಹೊಲದಂತಿದೆ. ಆ ಕಡೆ ತುಟಿ ಪೂರ್ತಿ ಕೂಡುವುದಿಲ್ಲ, ಟೀ ಕುಡಿಯುವಾಗ ಕರವಸ್ತ್ರ ಬೇಕು. ಸಂಡೂರಿನ ಗುಡ್ಡಗಳ ಬುಡದಲ್ಲಿ ನಮ್ಮೂರು. ನಾನು ಹೈಸ್ಕೂಲಿನಲ್ಲಿದ್ದಾಗ ಶೇಂಗಾ ಹೊಲದಲ್ಲಿ ಕರಡಿ ಹಿಡಿಯಿತು. ನಮ್ಮ ಕಡೆ ಹಾಗೆಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ನಾನು ಬಿ.ಕಾಂ. ಮುಗಿಸಿದ ಮೇಲೆ ಬಳ್ಳಾರಿಯಲ್ಲೂ ಬೆಂಗಳೂರಲ್ಲೂ ಕೆಲಸ ಕೇಳಿದ ಕಡೆಗಳಲ್ಲೆಲ್ಲ ನನ್ನ ಅಂಕಪಟ್ಟಿಯನ್ನು ಬಹಳ ಹೊತ್ತು ನೋಡುತ್ತಿದ್ದರು, ತಲೆ ಎತ್ತಬೇಕಾಗಬಾರದೆಂದು.

ಅಬುಧಾಬಿ ನನಗೆ ಹಿಡಿಸಿದ್ದೇ ಆ ಕಾರಣಕ್ಕೆ. ಮುಖ ಮುಚ್ಚಿಕೊಂಡ ಹೆಂಗಸನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಸ್ಕಾರ್ಫನ್ನು ಕೆನ್ನೆಯ ಮೇಲೆ ಎಳೆದುಕೊಂಡು, ಕಪ್ಪು ಕನ್ನಡಕ ಹಾಕಿ, ಸಂಜೆ ಕಡಲ ದಂಡೆಯ ಕಾರ್ನಿಶ್ ಕಡೆಗೆ ನಡೆದು ಹೋದರೆ ನಾನೂ ಎಲ್ಲರ ಹಾಗೆ ಒಬ್ಬಳು.

ಶೋರೂಮಿನ ಮ್ಯಾನೇಜರು ಸುಧೀರ್ ಸರ್, ಮಂಗಳೂರಿನ ಕಡೆಯವರು. ಅವರು ಸಿಟ್ಟು ಮಾಡಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ನಗುತ್ತಲೇ ಎಲ್ಲ ಮಾಡಿಸುತ್ತಿದ್ದರು. ಸಂದರ್ಶನದಲ್ಲಿ ಅವರು ಕೇಳಿದ್ದರು, "ಮುಖಕ್ಕೆ ಎಂತ ಆದದ್ದು?"

"ಕರಡಿ ಸರ್."

"ಓಹ್," ಎಂದು ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಪರವಾಗಿಲ್ಲ. ನಿಮ್ಮದು ಹಿಂದಿನ ಕೋಣೆಯಲ್ಲಿ ಕೆಲಸ. ಕಸ್ಟಮರ್ ಎದುರು ಬರ್ಲಿಕ್ಕೆ ಇಲ್ಲ."

ಅದನ್ನು ನಾನು ದಯೆ ಎಂದುಕೊಂಡೆ. ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ನನಗೆ ಅದು ಅರಮನೆಯಾಗಿತ್ತು.

ಮುಂದಿನ ಕೌಂಟರಿನಲ್ಲಿ ನಫೀಸಾ ಇದ್ದಳು, ಪುತ್ತೂರಿನ ಹತ್ತಿರದ ಬ್ಯಾರಿ ಹುಡುಗಿ. ಅವಳ ಗಂಡನ ಕೆಲಸ ದುಬೈಯಲ್ಲಿ, ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ. ವಾರವಿಡೀ ಅವಳೂ ನಾನೂ ಒಂದೇ ಫ್ಲ್ಯಾಟಿನಲ್ಲಿ ಮಲಗುವಷ್ಟೇ ಜಾಗ ಬಾಡಿಗೆಗೆ ಕೊಡುವ ಬೆಡ್ ಸ್ಪೇಸಿನಲ್ಲಿ, ಒಂದೇ ಎರಡಂತಸ್ತಿನ ಮಂಚದ ಕೆಳಗೂ ಮೇಲೂ ಮಲಗುತ್ತಿದ್ದೆವು. ನನ್ನ ಮುಖವನ್ನು ಮೊದಲ ದಿನವೇ ನೆಟ್ಟಗೆ ನೋಡಿ, "ನೋವು ಉಂಟಾ ಈಗ?" ಎಂದು ಕೇಳಿ, ಇಲ್ಲ ಎಂದ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ನವೆಂಬರ್ ಹೊತ್ತಿಗೆ ಸೆಕೆ ಇಳಿದು ಬೆಳಿಗ್ಗೆ ಮಂಜು ಬೀಳತೊಡಗಿತು. ಹತ್ತಾ, ಜೆಬೆಲ್ ಜೈಸ್ ಬೆಟ್ಟಗಳಿಗೆ ಹೋಗುವವರ ಕಾಲ. ಇಲ್ಲಿಯ ಬೋಳು ಬೆಟ್ಟಗಳಲ್ಲಿ ರುಚಿ ಹತ್ತಿದವರು ಬೇಸಿಗೆಗೆ ಅಲಾಸ್ಕಾ ಎಂದು ಕನಸು ಕಾಣುತ್ತ ಶೋರೂಮಿಗೆ ಬರುತ್ತಿದ್ದರು. ಬಾಗಿಲ ಬಳಿ ಹುಲ್ಲು ತುಂಬಿದ ಒಂದು ಕಂದು ಕರಡಿ ಹಿಂಗಾಲ ಮೇಲೆ ನಿಂತಿತ್ತು, ಆಳಿಗಿಂತ ಎತ್ತರ. ಭಯ ಹುಟ್ಟಿಸಲೆಂದು ತರಿಸಿದ್ದು. ಬಂದವರು ಅದರ ಹೆಗಲ ಮೇಲೆ ಕೈಹಾಕಿ ಸೆಲ್ಫಿ ತೆಗೆದುಕೊಂಡು, ಬೂಟು ಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಸುಧೀರ್ ಸರ್ ಬಾಗಿಲು ತಟ್ಟಿದರು. "ರೇಣುಕಾ, ಒಂದು ನಿಮಿಷ ಹೊರಗೆ ಬರ್ತೀರಾ?"

ಹೊರಗೆ ಒಬ್ಬ ಬಿಳಿಯ ಎಂಜಿನಿಯರು ನಿಂತಿದ್ದ. ಕರಡಿ ಎದುರಾದರೆ ಖಾರದ ಸ್ಪ್ರೇ ಸಾಕು, ಬಂದೂಕಿನ ಭಾರ ಯಾಕೆ ಎಂಬುದು ಅವನ ವಾದ. ಸುಧೀರ್ ಸರ್ ಅವನತ್ತ ನಗುತ್ತಲೇ ನನಗೆ ಕನ್ನಡದಲ್ಲಿ ಹೇಳಿದರು, "ಆ ಸ್ಕಾರ್ಫ್ ಸ್ವಲ್ಪ ತೆಗೀರಿ. ಕನ್ನಡಕ ಕೂಡ."

ಅವರು ಏನು ಕೇಳುತ್ತಿದ್ದಾರೆಂದು ತಿಳಿಯುವ ಮೊದಲೇ ಕೈ ಮೇಲೆ ಹೋಗಿತ್ತು. ಹೇಳಿದ್ದನ್ನು ಮಾಡುವ ಕೈ ನನ್ನದು.

"ದಿಸ್," ಎಂದರು ಸುಧೀರ್ ಸರ್, "ವಾಸ್ ಎ ಸ್ಮಾಲ್ ಬೇರ್."

ಆ ಮನುಷ್ಯನ ಮುಖದಿಂದ ಬಣ್ಣ ಇಳಿಯಿತು. ಅವನು ನನ್ನ ಹತ್ತಿರ ಕ್ಷಮೆ ಕೇಳಿದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಆಮೇಲೆ ಕಪಾಟಿನಲ್ಲಿದ್ದ ಅತಿ ದೊಡ್ಡ ರೈಫಲ್ಲನ್ನೇ ಆರಿಸಿದ. ಸಂಜೆ ಸುಧೀರ್ ಸರ್ ನನ್ನ ಮೇಜಿಗೆ ಕರಕ್ ಚಹಾ, ಸಮೋಸಾ ಕಳಿಸಿದರು. "ನೀವು ಬಾಯಿ ಕೂಡ ತೆಗೀಬೇಕಾಗಿ ಬರ್ಲಿಲ್ಲ ಮಾರಾಯ್ರೆ," ಎಂದರು. ಹೊಗಳಿಕೆ ಅದು.

ಆ ಮೇಲೆ ವಾರಕ್ಕೊಮ್ಮೆ, ನಂತರ ದಿನ ಬಿಟ್ಟು ದಿನ. ಒಳಗಿಂದ ಕರೆಯುವುದು ತಡವಾಗುತ್ತದೆಂದು ಹುಲ್ಲಿನ ಕರಡಿಯ ಪಕ್ಕದಲ್ಲೇ ಒಂದು ಕುರ್ಚಿ, ಸಣ್ಣ ಮೇಜು ಹಾಕಿಸಿದರು. ನನ್ನ ಕಂಪ್ಯೂಟರು ಅಲ್ಲಿಗೆ ಬಂತು. ಮೇಲೆ ಒಂದು ದೀಪ. ಸ್ಕಾರ್ಫ್ ಬೇಡ, ಕೂದಲು ಹಿಂದಕ್ಕೆ ಕಟ್ಟಿ ಎಂದರು. ಒಂದು ಬೆಳಿಗ್ಗೆ ಹತ್ತಿರ ಬಂದು ಬಗ್ಗಿ ನೋಡಿ, "ಇವತ್ತು ಎಂತ, ಪೌಡರ್ ಹಾಕಿದ್ದೀರಾ? ಬೇಡ, ತೊಳ್ಕೊಂಡು ಬನ್ನಿ," ಎಂದರು. ನಾನು ತೊಳೆದುಕೊಂಡು ಬಂದೆ.

"ನೀನು ಆಗುದಿಲ್ಲ ಅಂತ ಹೇಳು," ನಫೀಸಾ ಹಲ್ಲು ಕಚ್ಚಿಕೊಂಡು ಹೇಳಿದಳು. ಸ್ವಲ್ಪ ಹೊತ್ತಿಗೆ ಅವಳೇ, "ಹೇಳಿದ್ರೆ ವೀಸಾ ಅವರ ಕೈಯಲ್ಲಿ ಉಂಟಲ್ಲ," ಎಂದಳು.

ಬರುವವರು ಹೆಚ್ಚಾಗಿ ಪರದೇಶದವರು. ಅವರು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಎರಡು ಮಾತು ಹೇಳುತ್ತಿದ್ದೆ. ಆ ಭಾಷೆಯಲ್ಲಿ ಹೇಳಿದ್ದು ಬೇರೆ ಯಾರಿಗೋ ಆದದ್ದು ಎಂಬಂತಿರುತ್ತಿತ್ತು. ಹಾಗಾಗಿ ಹೊಸ ವರ್ಷ ಕಳೆಯುವವರೆಗೆ ಹೇಗೋ ತಡೆದುಕೊಂಡೆ.

ಫೆಬ್ರವರಿಯಲ್ಲಿ ಮಧುಸೂದನ್ ಬಂದರು. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಯಾವುದೋ ಸಾಫ್ಟ್‌ವೇರ್ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದ ಬೆಂಗಳೂರಿನವರು. ಜೊತೆಯಲ್ಲಿ ಹೆಂಡತಿ ಅನಿತಾ, ಮತ್ತು ಹತ್ತರ ಆಸುಪಾಸಿನ ಮಗಳು. ಬೇಸಿಗೆಯಲ್ಲಿ ಮೂವರೂ ಅಲಾಸ್ಕಾದಲ್ಲಿ ನಡೆಯುವವರು. ಮಧುಸೂದನ್ ಅದಾಗಲೇ ಎರಡು ಸಲ ಬಂದು, ರೇಂಜಿಗೂ ಹೋಗಿ ಎಲ್ಲವನ್ನೂ ಹಾರಿಸಿ ನೋಡಿದ್ದರಂತೆ. ಆದರೂ ತೀರ್ಮಾನವಾಗಿರಲಿಲ್ಲ.

"ಪಿಸ್ತೂಲು ಸಾಕು ಅನ್ಸುತ್ತೆ ಸುಧೀರ್. ಲೈಟಾಗಿರುತ್ತೆ, ಸೊಂಟಕ್ಕೆ ಸಿಕ್ಕಿಸ್ಕೊಂಡ್ರೆ ಆಯ್ತು," ಎಂದರು ಮಧುಸೂದನ್.

"ಅಲ್ಲಿಯ ಕರಡಿಗೆ ಪಿಸ್ತೂಲು ಅಂದ್ರೆ ಕಡ್ಲೆ ಎಸೆದ ಹಾಗೆ ಸರ್."

"ಶಾಟ್‌ಗನ್ನು?"

"ಹತ್ತಿರದಿಂದ ಒಳ್ಳೇದು. ಆದ್ರೆ ಅದು ಹೆಗಲಿಗೆ ಒದೀತದೆ, ನಿಮ್ಗೆ ಮೊನ್ನೆ ಗೊತ್ತಾಯ್ತಲ್ಲ. ರೈಫಲ್ ತಗೊಳ್ಳಿ. ಭಾರ ಉಂಟು, ನಿಜ. ಜೀವ ಅದಕ್ಕಿಂತ ಭಾರ ಅಲ್ವಾ?"

"ಮಗು ಇರೋವಾಗ ಬಂದೂಕೇ ಬೇಡ ಮಧು. ಸ್ಪ್ರೇ ತಗೊಳ್ಳೋಣ, ಗೈಡ್ ಇರ್ತಾನಲ್ಲ," ಎಂದರು ಅನಿತಾ.

ಸುಧೀರ್ ಸರ್ ನನ್ನತ್ತ ತಿರುಗಿದರು. "ಇವರು ನಮ್ಮ ರೇಣುಕಾ. ನಿಮ್ಮ ಕರ್ನಾಟಕದವರೇ."

ಮಧುಸೂದನ್ ಮುಖ ಅರಳಿತು. "ಓ, ಕನ್ನಡದವ್ರಾ! ಯಾವೂರು ಮೇಡಂ?" ನಾನು ತಲೆ ಎತ್ತಿದೆ. ಅರಳಿದ ಮುಖ ಹಾಗೇ ನಿಂತಿತು.

ಮಗಳು ಅಪ್ಪನ ತೋಳು ಜಗ್ಗಿದಳು. "ಪಪ್ಪಾ, ಈಸ್ ಇಟ್ ಮೇಕಪ್?"

"ನೋ ಬೇಟಾ, ರಿಯಲ್." ಅವರು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಫೋನನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ವಿಡಿಯೋ ಶುರುಮಾಡಿದರು. "ತಪ್ಪು ತಿಳ್ಕೋಬೇಡಿ, ನಮ್ಮ ಹೈಕಿಂಗ್ ಗ್ರೂಪಿಗೋಸ್ಕರ ಅಷ್ಟೆ. ನಮ್ಮ ಭಾಷೇಲಿ ಯಾರೂ ಹೇಳಿರಲ್ಲ ನೋಡಿ. ಹೇಗಾಯ್ತು, ಡೀಟೇಲಾಗಿ ಹೇಳಿ. ಅದು ಮೇಲೆ ಬಿದ್ದಾಗ ಏನನ್ನಿಸ್ತು?"

ಕನ್ನಡದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿತ್ತು, ಕೇಳುವ ಪ್ರಮೇಯವೇ ಬಂದಿರಲಿಲ್ಲ. ಪ್ರಶ್ನೆ ನೇರವಾಗಿ ಒಳಗೆ ಹೋಯಿತು. ನಾನು ಶೇಂಗಾ ಹೊಲ, ನಸುಕು, ಮರಿ ಜೊತೆಗಿದ್ದ ತಾಯಿ ಕರಡಿ ಎಂದಷ್ಟು ಹೇಳಿ ನಿಲ್ಲಿಸಿದೆ.

ಮಧುಸೂದನ್ ಹೆಂಡತಿಯತ್ತ ತಿರುಗಿ, ನನಗೆ ಕೇಳುವ ಹಾಗೆಯೇ, ಮರುಕದಿಂದ ಹೇಳಿದರು, "ನೋಡಿದ್ಯಾ ಅನಿತಾ? ಇವ್ರ ತಂದೆ ಕೈಲಿ ಅವತ್ತು ಒಂದು ಬಂದೂಕು ಇದ್ದಿದ್ರೆ ಇವರಿಗೆ ಈ ಗತಿ ಬರ್ತಾನೇ ಇರ್ಲಿಲ್ಲ. ಅಲ್ವಾ ಮೇಡಂ?"

"ಇತ್ರಿ," ಎಂದೆ.

ಅಷ್ಟು ವರ್ಷ ಆಫೀಸಿನ ಕನ್ನಡ ಆಡಿದ ಬಾಯಲ್ಲಿ ಊರಿನ ಮಾತು ಬಂತು.

"ಬಂದೂಕು ಇತ್ತು. ನಮ್ಮಪ್ಪನ ಕೈಯಾಗ ಇತ್ತು. ಹೊಲ ಕಾಯಾಕ ಪರವಾನಗಿ ಇದ್ದ ಬಂದೂಕು. ಕರಡಿ ನನ್ನ ಗಲ್ಲ ಹರೀತು, ನಾ ಬೋರಲಾಗಿ ಬಿದ್ದಿದ್ದೆ. ಅಪ್ಪ ಓಡಿ ಬಂದು ಗುರಿ ಹಿಡಿದ. ಅವನ ದನಿ ಕೇಳಿ ನಾ ಅಪ್ಪಾ ಅಂತ ತಲಿ ಎತ್ತಿದೆ. ಬಂದೂಕಿನ ಚರೆ ಕಣ್ಣಿಗೆ ಬಡೀತು. ಕರಡಿಗೆ ಒಂದೂ ತಾಗಲಿಲ್ರಿ. ಸಪ್ಪಳಕ್ಕ ಓಡಿ ಹೋತು ಅದು. ನನ್ನ ಕಣ್ಣು ತೆಗೆದಿದ್ದು ಕರಡಿ ಅಲ್ಲ."

ಇದು ವೈದ್ಯರಿಗೆ ಗೊತ್ತಿತ್ತು, ಅಪ್ಪನಿಗೂ ನನಗೂ ಗೊತ್ತಿತ್ತು. ಅವ್ವ ಸಾಯುವವರೆಗೆ ಅವಳಿಗೂ ಗೊತ್ತಾಗಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ನನಗೆ ಎಚ್ಚರ ಬಂದಾಗ ಅಪ್ಪ ನನ್ನ ಪಾದ ಹಿಡಿದುಕೊಂಡು ಕೂತಿದ್ದ. "ಎಲ್ಲಾ ಕರಡಿ ಮಾಡಿದ್ದು ಅನ್ನಬೇಕವ್ವ," ಎಂದಿದ್ದ. ಊರಿನಲ್ಲಿ ಅವನಿಗೆ ಶಾಲು ಹೊದಿಸಿದರು. ಬಂದೂಕು ಹಾರಿಸಿ ಮಗಳನ್ನು ಕರಡಿ ಬಾಯಿಂದ ಬಿಡಿಸಿಕೊಂಡವನು. ಆಮೇಲೆ ಅವನ ಹೆಸರೇ ಕರಡಿ ದುರುಗಪ್ಪ ಎಂದಾಯಿತು. ಅವನು ಆ ಹೆಸರಿಗೆ ಓಗೊಡುವಾಗ ಒಂದು ಗಳಿಗೆ ತಡವಾಗುತ್ತಿತ್ತು. ಅದು ನನಗೊಬ್ಬಳಿಗೇ ಗೊತ್ತಾಗುತ್ತಿದ್ದದ್ದು.

 ನಫೀಸಾ ಕೌಂಟರಿನಲ್ಲಿ ತಲೆ ತಗ್ಗಿಸಿದ್ದಳು. ಅನಿತಾ ಮಗಳನ್ನು ಎದೆಗೆ ಒತ್ತಿಕೊಂಡು, "ಮಧು, ಸಾಕು. ಆಫ್ ಮಾಡು," ಎಂದರು. ಮಧುಸೂದನ್ ಆಯ್ತು ಆಯ್ತು ಎನ್ನುತ್ತ ಫೋನನ್ನು ಹಾಗೇ ಬಿಟ್ಟರು. ಈಗ ಈ ಮನುಷ್ಯ ಎದ್ದು ಹೋಗುತ್ತಾನೆ ಎಂದುಕೊಂಡೆ ನಾನು. ಬಂದೂಕಿನ ಮಾತು ಇಲ್ಲಿಗೆ ಮುಗಿಯಿತು, ನನ್ನ ಕೆಲಸವೂ ಮುಗಿಯಿತು, ಮುಗಿಯಲಿ.

ಸುಧೀರ್ ಸರ್ ಗಂಟಲು ಸರಿಮಾಡಿಕೊಂಡರು.

"ಅದನ್ನೇ ನಾನು ಮೊದಲಿಂದ ಹೇಳ್ತಾ ಇರುದು ಸರ್. ಆ ಹಳೆ ಬಂದೂಕಲ್ಲಿ ಚರೆ ಹರಡ್ತದೆ, ಯಾರಿಗೆ ತಾಗ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ರೈಫಲಲ್ಲಿ ಒಂದೇ ಗುಂಡು, ಇಟ್ಟಲ್ಲಿಗೇ ಹೋಗ್ತದೆ. ಪಾಪ, ಇವರ ತಂದೆಗೆ ಟ್ರೈನಿಂಗ್ ಇರ್ಲಿಲ್ಲ. ನಮ್ಮಲ್ಲಿ ಫ್ಯಾಮಿಲಿ ಜೊತೆ ಹೋಗುವವರಿಗೇ ಅಂತ ಬೇರೆ ಕ್ಲಾಸ್ ಉಂಟು."

ಮಧುಸೂದನ್ ನಿಧಾನವಾಗಿ ತಲೆಯಾಡಿಸಿದರು. "ಮೇಕ್ಸ್ ಸೆನ್ಸ್," ಎಂದರು.

ದೊಡ್ಡ ರೈಫಲ್ಲು, ಜೊತೆಗೆ ಪೂರ್ತಿ ತರಬೇತಿ. ಹೋಗುವಾಗ ನನ್ನ ಕೈ ಕುಲುಕಿ, "ಯು ಆರ್ ವೆರಿ ಬ್ರೇವ್ ಮೇಡಂ," ಎಂದರು. ಅನಿತಾ ನನ್ನತ್ತ ನೋಡಲಿಲ್ಲ. ಹುಡುಗಿ ಮಾತ್ರ ಬಾಗಿಲು ದಾಟುವವರೆಗೂ ತಿರುಗಿ ತಿರುಗಿ ನೋಡಿದಳು, ನನ್ನನ್ನಲ್ಲ, ತನ್ನ ಅಪ್ಪನನ್ನು.

ಮರುದಿನ ಸುಧೀರ್ ಸರ್ ಬಹಳ ಉಲ್ಲಾಸದಲ್ಲಿದ್ದರು. "ಆ ಕಣ್ಣಿನ ವಿಷಯ ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀವು? ಇನ್ನು ಮುಂದೆ ಎರಡೂ ಹೇಳಿ. ಮೊದಲು ಕರಡಿ, ಆಮೇಲೆ ಚರೆ. ಟ್ರೈನಿಂಗ್ ಕ್ಲಾಸಿಗೆ ಅದರಷ್ಟು ಒಳ್ಳೇದು ಬೇರೆ ಇಲ್ಲ."

ನಾನು ಬ್ಯಾಗಿನಿಂದ ಸ್ಕಾರ್ಫ್ ತೆಗೆದು ಕಟ್ಟಿಕೊಂಡೆ. ಕನ್ನಡಕ ಹಾಕಿಕೊಂಡೆ. "ಲೆಕ್ಕ ಬರೆಯೋಕೆ ನನ್ನ ತಗೊಂಡಿದ್ದು ಸರ್. ಅದನ್ನ ಮಾಡ್ತೀನಿ. ಇದು ಇನ್ನು ಆಗಲ್ಲ."

"ಲೆಕ್ಕ ಬರೀಲಿಕ್ಕೆ ಬೇಕಾದಷ್ಟು ಜನ ಸಿಗ್ತಾರೆ ಮಾರಾಯ್ರೆ," ಅವರು ನಗುತ್ತಲೇ ಹೇಳಿದರು. "ಅವಸರ ಇಲ್ಲ. ಯೋಚನೆ ಮಾಡಿ."

ಯೋಚನೆ ಮಾಡಲು ಬಿಡುವು ಸಿಗಲಿಲ್ಲ. ಆ ವಾರವೇ ಅಣ್ಣನ ಫೋನು ಬಂತು. ಅಣ್ಣ ಈರಣ್ಣ ಅದಿರಿನ ಲಾರಿ ಓಡಿಸುತ್ತಾನೆ. ದಾರಿಯಲ್ಲಿ ಯಾವುದೋ ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಪಕ್ಕದವನ ಫೋನಿನಲ್ಲಿ ಅವನಿಗೆ ನನ್ನ ದನಿ ಕೇಳಿಸಿತ್ತು. ಮಧುಸೂದನ್ ತಮ್ಮ ಗ್ರೂಪಿಗೆ ಹಾಕಿದ್ದ ವಿಡಿಯೋ ಕೊಲ್ಲಿಯ ಕನ್ನಡದವರ ಗ್ರೂಪುಗಳನ್ನೆಲ್ಲ ಸುತ್ತಿ, ಮೇಲೆ ಯಾರೋ ದುಃಖದ ಸಂಗೀತ ಸೇರಿಸಿ, 'ಮಗಳ ಕಣ್ಣು ತೆಗೆದ ತಂದೆ' ಎಂದು ತಲೆಬರಹ ಕೊಟ್ಟು, ಬಳ್ಳಾರಿ ಮುಟ್ಟಿತ್ತು.

"ಏನ್ ಮಾಡ್ಬಿಟ್ಟಿ ರೇಣುಕಾ?" ಅಣ್ಣನ ದನಿ ಒಡೆದಿತ್ತು. "ಅಪ್ಪಗ ತೋರಿಸ್ಯಾರ. ಅಗಸಿ ಕಟ್ಟಿ ಮ್ಯಾಲ ಕುಂದ್ರಿಸಿ ತೋರಿಸ್ಯಾರ. ಅಪ್ಪ ಬಂದು ಬಾಗಲಾ ಹಾಕ್ಕೊಂಡಾನ, ತೆಗೀವಲ್ಲ."

"ಫೋನ್ ಕೊಡಣ್ಣ ಅಪ್ಪಗ."

"ಯಾವ ಮುಖ ಇಟ್ಕೊಂಡು ಮಾತಾಡ್ತಿ?" ಎಂದ. ತಾನೇನು ಅಂದೆ ಎಂದು ತಿಳಿದು ಅವನೇ ಫೋನು ಇಟ್ಟುಬಿಟ್ಟ.

ಮಧುಸೂದನ್‌ಗೆ ಫೋನು ಮಾಡಿ ಅದನ್ನು ತೆಗೆಸಿ ಎಂದು ಬೇಡಿದೆ. "ಅಯ್ಯೋ, ಸಾರಿ ಮೇಡಂ. ನಾನು ನಮ್ಮ ಗ್ರೂಪಿಗಷ್ಟೇ ಹಾಕಿದ್ದು. ಈಗ ಅದು ನನ್ ಕೈಲಿಲ್ಲ," ಎಂದರು. ಆಮೇಲೆ ಸಮಾಧಾನ ಹೇಳುವವರಂತೆ, "ಪಾಸಿಟಿವ್ ಆಗಿ ತಗೊಳ್ಳಿ. ಎಷ್ಟು ಜನಕ್ಕೆ ಅವೇರ್‌ನೆಸ್ ಬಂತು ಗೊತ್ತಾ?"

ಊರಿನ ಸುದ್ದಿ ತುಂಡು ತುಂಡಾಗಿ ಬರುತ್ತಿತ್ತು. ಅಪ್ಪ ಹೊರಗೆ ಬಂದರೆ ಚಹಾದಂಗಡಿಯ ಹುಡುಗರು ಒಂದು ಕಣ್ಣು ಮುಚ್ಚಿ, ಬೆರಳನ್ನು ನಳಿಗೆ ಮಾಡಿ 'ಢಂ' ಎನ್ನುತ್ತಿದ್ದರಂತೆ. ಕರಡಿ ದುರುಗಪ್ಪ ಹೋಗಿ ಕಣ್ಣು ದುರುಗಪ್ಪ ಆದ. ಒಂದು ದಿನ ಅವನು ಗೋಡೆಗೆ ತೂಗುಹಾಕಿದ್ದ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಬಸ್ಸು ಹತ್ತದೆ, ನಡೆದೇ ಹೋಗಿ ಪೊಲೀಸ್ ಠಾಣೆಗೆ ಒಪ್ಪಿಸಿ ಬಂದನಂತೆ. ದಾರಿಯುದ್ದಕ್ಕೂ ಹುಡುಗರು ಹಿಂದೆ ಬಂದರಂತೆ.

ನಾನು ಕರಡಿಯ ಪಕ್ಕದ ಕುರ್ಚಿಗೆ ಮತ್ತೆ ಕೂರಲಿಲ್ಲ. ಸೆಕೆ ಏರುವ ಹೊತ್ತಿಗೆ ಸುಧೀರ್ ಸರ್, "ಹಾಗಾದ್ರೆ ಖಲಾಸ್ ಅಲ್ವಾ?" ಎಂದರು. ವೀಸಾ ರದ್ದಾಯಿತು. ಕೊನೆಯ ದಿನ ಕೇಕು ತರಿಸಿದರು, ಅದನ್ನು ಆ ಹುಲ್ಲಿನ ಕರಡಿಯ ಎದುರಿಗೇ ಇಡಿಸಿದರು. "ನೆನಪಿಗೆ ಒಂದು ಫೋಟೋ, ಸ್ಕಾರ್ಫ್ ತೆಗೆದು," ಎಂದು ಫೋನು ಎತ್ತಿದರು. ನಫೀಸಾ ನನ್ನ ಮುಂದೆ ಬಂದು ನಿಂತಳು.

"ಫೋಟೋ ಎಂತಕ್ಕೆ ಸರ್? ಕರಡಿ ಉಂಟಲ್ಲ, ಅದರದ್ದು ತೆಗೀರಿ."

ಸುಧೀರ್ ಸರ್ ಅದಕ್ಕೂ ನಕ್ಕರು. ನಫೀಸಾ ಆ ಕೇಕಿಗೆ ಕೈ ಹಚ್ಚಲಿಲ್ಲ.

ಊರಿಗೆ ಹೋದೆ. ಬಿಸಿಲು ಅಬುಧಾಬಿಯದ್ದಕ್ಕಿಂತ ಕಡಿಮೆಯೇನೂ ಇರಲಿಲ್ಲ, ಆದರೆ ಅಡಗಲು ಏಸಿ ಕೋಣೆ ಇಲ್ಲ. ಅತ್ತಿಗೆ ಅನ್ನ ಹಾಕಿ ಕೊಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅಪ್ಪ ಹಿತ್ತಲ ಗೋಡೆಗೆ ಒರಗಿ ಕೂತಿರುತ್ತಿದ್ದ. ನಾನು ಹತ್ತಿರ ಹೋದರೆ ಎದ್ದು ಹೋಗುತ್ತಿರಲಿಲ್ಲ, ಆದರೆ ಬಾಯಿ ಬಿಡುತ್ತಲೂ ಇರಲಿಲ್ಲ. ಬೇಕೆಂದು ಹೇಳಿದ್ದಲ್ಲ ಅಪ್ಪಾ, ಬಾಯಿಗೆ ಬಂದುಬಿಟ್ಟಿತು ಎಂದೆ. ಅವನು ಕೇಳಿಸಿಕೊಂಡನೋ ಇಲ್ಲವೋ. ಮಾತಿಲ್ಲದೆಯೇ ಮುಂಗಾರು ಬಿತ್ತನೆ ಬಂದು ಹೋಯಿತು. ಅಷ್ಟರಲ್ಲಿ ನಫೀಸಾ ಗಂಡನಿಗೆ ಹೇಳಿ ಅವನ ಗ್ಯಾರೇಜಿನಲ್ಲಿ ನನಗೆ ಈ ಕೆಲಸ ಹೊಂದಿಸಿದಳು. ಹೊಸ ವೀಸಾ ಬಂತು.

ಹೊರಡುವ ಹಿಂದಿನ ದಿನ ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತ.

"ಆ ಮಂದಿ," ಎಂದ. ತಿಂಗಳುಗಳ ಮೇಲೆ ಆಡಿದ ದನಿ, ಕಫ ಕಟ್ಟಿತ್ತು. "ನೀ ಅಷ್ಟು ಹೇಳಿದ ಮ್ಯಾಲೂ ಬಂದೂಕು ತಗೊಂಡ್ರೇನು?"

ಸುಳ್ಳು ಹೇಳಬಹುದಿತ್ತು. ಇಲ್ಲಪ್ಪ, ಎದ್ದು ಹೋದರು ಎನ್ನಬಹುದಿತ್ತು. ಆದರೆ ಅವನ ಸಲುವಾಗಿ ಅಷ್ಟು ವರ್ಷ ಒಂದು ಸುಳ್ಳು ಹೊತ್ತಿದ್ದೆ. ಇನ್ನೊಂದಕ್ಕೆ ನನ್ನಲ್ಲಿ ಜಾಗವಿರಲಿಲ್ಲ.

"ತಗೊಂಡ್ರಪ್ಪ."

"ಎಂಥಾದ್ದು?"

"ದೊಡ್ಡದು. ಅಲ್ಲಿ ಇದ್ದುದರಾಗ ದೊಡ್ಡದು."

 ಹಿತ್ತಲಿನ ಕೋಳಿಗಳು ನಮ್ಮ ಕಾಲ ಬಳಿ ಕೆದಕುತ್ತಿದ್ದವು.

"ಮಕ್ಳು ಅದಾರೇನು ಅವರಿಗೆ?"

"ಒಬ್ಬಾಕಿ ಅದಾಳ. ಮಗಳು. ಕೂಡ ಕರಕೊಂಡು ಹೊಂಟಾರ."

ಅಪ್ಪ ಯಾವಾಗಲೂ ನನ್ನ ಬಲಗಡೆಗೆ ಕೂರುವವನು. ಊಟಕ್ಕೆ, ಬಸ್ಸಿನಲ್ಲಿ, ಅವ್ವನ ಹೆಣದ ಮುಂದೆ, ಎಲ್ಲೇ ಆಗಲಿ ಬಲಗಡೆಗೆ. ಆ ದಿನ ಅವನು ಎದ್ದು ಬಂದು ಎಡಗಡೆಗೆ ಕೂತ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಕಣ್ಣಿದ್ದ ಜಾಗವನ್ನು ನೋಡಿದ. ಅವನು ಏನಾದರೂ ಹೇಳುತ್ತಾನೆಂದು ಕಾದೆ.

ಅಪ್ಪ ಕೈ ತೆಗೆಯಲಿಲ್ಲ. ಕತ್ತಲಾಗುವವರೆಗೆ ನೋಡುತ್ತಲೇ ಇದ್ದ.